ಎರಡು ವಾದ್ಯಗಳ ‘ರೂಯಿನ್ಸ್’
ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಮುರಿದು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಮತ್ತು ಜಾಝ್‌ಗಳಿಂದ ರಚನೆಯ ಪಾಠ ಕಲಿತ ಪ್ರೋಗ್ರೆಸಿವ್ ರಾಕ್ ಸಾಮಾನ್ಯವಾಗಿ ಕೀಬೋರ್ಡು, ಗಿಟಾರುಗಳ ತುಂಬು ಮೇಳವನ್ನು ಬೇಡುತ್ತದೆ. ಡ್ರಮ್ ವಾದಕ ತತ್ಸುಯಾ ಯೋಶಿದಾ 1985ರಲ್ಲಿ ಟೋಕಿಯೊದಲ್ಲಿ ಕಟ್ಟಿದ ‘ರೂಯಿನ್ಸ್’ ತಂಡ ಆ ವೈಭವವನ್ನೆಲ್ಲ ಡ್ರಮ್ ಮತ್ತು ಬೇಸ್ ಗಿಟಾರುಗಳಲ್ಲಿಯೇ ಅಡಕಮಾಡಿತು. ಮಂದ್ರಸ್ವರದ ಬೇಸ್ ಇಲ್ಲಿ ಬರಿಯ ಆಸರೆಯಾಗಿ ಉಳಿಯದೆ, ನಾದವನ್ನು ಬೇಕೆಂದೇ ಒರಟಾಗಿಸುವ ಡಿಸ್ಟಾರ್ಷನ್ನಿನ ಮೂಲಕ ಹಾಯ್ದು ಗಿಟಾರಿನ ಕೆಲಸವನ್ನೂ ಹೊರುತ್ತದೆ. ಇಬ್ಬರು ವಾದಕರೂ ಒಟ್ಟಿಗೆ ಓಡಿ, ತಟ್ಟನೆ ನಿಂತು, ಮತ್ತೆ ಒಂದೇ ಏಟಿಗೆ ಹೊರಡುವಷ್ಟರಲ್ಲಿ, ಕೇಳುಗ ಹಿಡಿದಿದ್ದ ತಾಳದ ಲೆಕ್ಕ ತಪ್ಪಿಯೇ ಹೋಗಿರುತ್ತದೆ. ಯೋಶಿದಾ ಹಾಡುವ ಮಾತುಗಳು ಯಾವ ನಾಡಿನ ಭಾಷೆಯೂ ಅಲ್ಲ. ಕಲ್ಪಿತ ಭಾಷೆಯಲ್ಲಿ ಹಾಡಿದ ಫ್ರಾನ್ಸಿನ ‘ಮಾಗ್ಮಾ’ ತಂಡದ ಪ್ರಭಾವ ಇದರ ಹಿಂದಿದೆಯಾದರೂ, ಅಲ್ಲಿನ ಗಾಂಭೀರ್ಯ ಇಲ್ಲಿ, ಅದೃಷ್ಟವಶಾತ್, ತುಂಟತನಕ್ಕೆ ತಿರುಗಿದೆ. ಪಂಕ್, ನಾಯ್ಸ್, ಜಾಝ್ ಎಂಬ ಹಣೆಪಟ್ಟಿಗಳಲ್ಲಿ ಯಾವುದೂ ಇದಕ್ಕೆ ಪೂರ್ತಿ ಅಂಟುವುದಿಲ್ಲ. 2000ದ ‘ಪಲ್ಲಶ್ತಾಮ್’ ಆಲ್ಬಮ್ಮಿನಲ್ಲಂತೂ ಪಾಶ್ಚಾತ್ಯ ಶಾಸ್ತ್ರೀಯ, ಹಾರ್ಡ್ ರಾಕ್, ಪ್ರೋಗ್ರೆಸಿವ್ ರಾಕ್ ಕೃತಿಗಳ ತುಣುಕುಗಳನ್ನು ಪೋಣಿಸಿದ ಪ್ರತ್ಯೇಕ ಮಾಲಿಕೆಗಳಿದ್ದು, ಗುರುತು ಸಿಗುವ ಮುನ್ನವೇ ಒಂದೊಂದು ತುಣುಕೂ ಜಾರಿಹೋಗುತ್ತದೆ. ಯೋಶಿದಾ ತಮ್ಮ ಸ್ವಂತ ಧ್ವನಿಮುದ್ರಣ ಸಂಸ್ಥೆಗೆ ಇಟ್ಟ ಹೆಸರು ‘ಮಗಾಯ್‌ಬುತ್ಸು’, ಎಂದರೆ ಬಂಡೆಯ ಮೈಯಲ್ಲಿ ಕೆತ್ತಿದ ಬುದ್ಧವಿಗ್ರಹ.