ಕಾಂಬುದು ಯಾರು, ಕಾಣಿಸಿಕೊಳ್ಳುವವರು ಯಾರು?

ನಮ್ಮ ಕುಂದಾಪ್ರದ ಮಾತಿನಲ್ಲಿ ‘ಕಾಣಿ’ ಅಂದರೆ ‘ನೋಡಿ’ ಎಂದರ್ಥ. ಪುಸ್ತಕದ ಕನ್ನಡದಲ್ಲಿ ನೋಡುವುದು ಬೇರೆ, ಕಾಣುವುದು ಬೇರೆ. ನಮ್ಮಲ್ಲಿ ಎರಡಕ್ಕೂ ಒಂದೇ ಮಾತು. ನಾನು ನಿನ್ನನ್ನು ಕಂಡರೆ ನಿನಗೂ ನಾನು ಕಾಣುತ್ತೇನೆ ಎಂಬ ನ್ಯಾಯ ಆ ಮಾತಿನೊಳಗೇ ಉಂಟು. ಸಿಸಿ ಕ್ಯಾಮೆರಾ ಮುರಿದಿರುವುದು ಈ ನ್ಯಾಯವನ್ನು.

ಅದು ಕೆಲಸ ಮಾಡುವ ಬಗೆ ಸರಳ. ಕ್ಯಾಮೆರಾಗಳ ತಂತಿಯೆಲ್ಲ ಒಂದು ಪೆಟ್ಟಿಗೆಗೆ ಸೇರುತ್ತದೆ. ಅಂತರ್ಜಾಲದಲ್ಲಿ ಆ ಪೆಟ್ಟಿಗೆಗೊಂದು ವಿಳಾಸ. ಬ್ರೌಸರಿನಲ್ಲಿ ವಿಳಾಸ ಬರೆದು ಹೆಸರು, ಪಾಸ್‌ವರ್ಡ್ ಕೊಟ್ಟರೆ ಸಾಕು. ಬೈಂದೂರು ಕಡೆಯ ಗೇರುಬೀಜದ ಕಾರ್ಖಾನೆ ಮುಂಬಯಿಯಲ್ಲಿ ಕೂತ ಧಣಿಯ ಮೇಜಿನ ಮೇಲೆ ಆ ಗಳಿಗೆಯಲ್ಲೇ ಬಿಚ್ಚಿಕೊಳ್ಳುತ್ತದೆ.

ಈ ಪರದೆಯನ್ನು ಒಂದು ಕಥೆಯ ಹಾಗೆ ಓದೋಣ. ನಿರೂಪಕ ಛಾವಣಿಯಲ್ಲಿದ್ದಾನೆ, ಎಲ್ಲರನ್ನೂ ಮೇಲಿನಿಂದಲೇ ಕಾಣುತ್ತಾನೆ. ಪಾತ್ರಗಳಿಗೆ ಕೈ ಉಂಟು, ಹೆಚ್ಚಿನ ಕಡೆ ದನಿ ಇಲ್ಲ. ಬೀಜ ಸುಲಿಯುವ ಹೆಂಗಸು ಎರಡು ನಿಮಿಷ ಕೈ ನಿಲ್ಲಿಸಿದ್ದು ಕಾಣುತ್ತದೆ. ಗೇರಿನ ಸಿಪ್ಪೆಯ ಎಣ್ಣೆ ತಾಗಿ ಬೆರಳು ಸುಟ್ಟದ್ದು ಕಾಣುವುದಿಲ್ಲ. ಹಾಗಾಗಿ ಆಕೆ ಸೋಮಾರಿ! ಕಾಲ ಬದಲಾಯ್ತು ಅಂತಾರೆ. ಎಂತ ಬದಲಾಯ್ತು ಮರಾಯ್ರೆ? ಹಿಂದೆ ಒಡೆಯ ಜಗಲಿಯಲ್ಲಿ ಕೂತು ಗದ್ದೆ ಕಾಯುತ್ತಿದ್ದಾಗ, ಆಳು ತಲೆ ಎತ್ತಿದರೆ ಒಡೆಯನ ಮುಖವಾದರೂ ಕಾಣುತ್ತಿತ್ತು. ಈಗ ಅದೂ ಇಲ್ಲ.

ಕಳ್ಳತನ ತಪ್ಪಿಸಲು ಕ್ಯಾಮೆರಾ ಬೇಕು ಎನ್ನುವ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಹಾಕಿ 30 ದಿನ ದೃಶ್ಯ ಉಳಿಸಬೇಕೆಂದು 2017ರ ರಾಜ್ಯ ಕಾಯ್ದೆಯೇ ಹೇಳುತ್ತದೆ. ಆದರೆ ಆ ದೃಶ್ಯಕ್ಕೆ ಕಾವಲು ಯಾರು? ಗುಜರಾತಿನ ರಾಜಕೋಟೆಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ಹೆಂಗಸರನ್ನು ಪರೀಕ್ಷಿಸುವ ದೃಶ್ಯಗಳು ಕ್ಯಾಮೆರಾದಿಂದ ಕದ್ದು ಮಾರಾಟವಾಗಿದ್ದು 2025ರ ಫೆಬ್ರವರಿಯಲ್ಲಿ ಬಯಲಾಯಿತು. ಪೆಟ್ಟಿಗೆಯೊಂದಿಗೆ ಬಂದ ಪಾಸ್‌ವರ್ಡನ್ನೇ ಬಿಟ್ಟರೆ ಮನೆಯ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ. ಮಾನ ಹೋಗುವುದು ಹಾಕಿಸಿದವರದ್ದಲ್ಲ, ಕೆಳಗೆ ಮಲಗಿದವರದ್ದು.

ಈಗ ಕ್ಯಾಮೆರಾವನ್ನು ಆಚೆ ಕಡೆ ತಿರುಗಿಸಿ ಕಾಣಿ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು: ಪ್ರತಿ ಪೊಲೀಸ್ ಠಾಣೆಯ ಬಾಗಿಲು, ಲಾಕಪ್, ಇನ್ಸ್‌ಪೆಕ್ಟರ ಕೋಣೆ, ಎಲ್ಲ ಕಡೆ ಕ್ಯಾಮೆರಾ ಇರಬೇಕು, ಅದು ಇರುಳಲ್ಲೂ ಕಾಣಬೇಕು, ದನಿಯನ್ನೂ ಹಿಡಿಯಬೇಕು, ದೃಶ್ಯ 18 ತಿಂಗಳು, ಅಂಥ ಯಂತ್ರ ಸಿಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಯಬೇಕು. ಠಾಣೆಯಲ್ಲಿ ಗಾಯವೋ ಸಾವೋ ಆದರೆ ಮಾನವ ಹಕ್ಕುಗಳ ಆಯೋಗ ಆ ದೃಶ್ಯವನ್ನು ತರಿಸಿಕೊಳ್ಳಬಹುದು.

ಈ ಮಾತು ನಮಗೆ ದೂರದ್ದಲ್ಲ. ಬ್ರಹ್ಮಾವರ ತಾಲೂಕಿನ ಕೋಟತಟ್ಟಿನಲ್ಲಿ 2021ರ ಡಿಸೆಂಬರಿನಲ್ಲಿ ಕೊರಗರ ಮೆಹಂದಿ ಮನೆಗೆ ನುಗ್ಗಿ ಪೊಲೀಸರು ಲಾಠಿ ಬೀಸಿದರು. ಎಸ್‌ಐ ಅಮಾನತಾದರು, ಪೆಟ್ಟು ತಿಂದ ಕೊರಗರ ಮೇಲೂ ಕೇಸು ಬಿತ್ತು. 2024ರ ನವೆಂಬರಿನಲ್ಲಿ ಬ್ರಹ್ಮಾವರ ಪೊಲೀಸರ ವಶದಲ್ಲಿದ್ದ ಕೇರಳದ ದುಡಿಯುವ ಮನುಷ್ಯನೊಬ್ಬ ಸತ್ತ. ಇಬ್ಬರು ಪೊಲೀಸರು ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಧಣಿಗೆ ಕಾರ್ಖಾನೆಯ ಹೆಂಗಸಿನ ಬೆರಳು ಮುಂಬಯಿಯಿಂದ ಕಾಣುತ್ತದೆ. ಸತ್ತವನ ಮನೆಯವರಿಗೆ ಲಾಕಪ್ಪಿನ ಗೋಡೆ ಯಾವ ಬ್ರೌಸರಿನಲ್ಲಿ ಕಾಣುತ್ತದೆ?

ದಾರಿಯಲ್ಲಿ ಉಗುಳಬಾರದೆಂದು ಕೊರಗರ ಕೊರಳಿಗೆ ಅಂಡೆ ಕಟ್ಟಿಸಿದ ನೆಲ ಇದು. ಅಜಲು ಪದ್ಧತಿಗೆ ಕಾನೂನಿನ ನಿಷೇಧ ಬರಲು 2000ನೇ ಇಸವಿಯೇ ಬೇಕಾಯಿತು. ಇಂಥ ನೆಲದಲ್ಲಿ ಯಂತ್ರಕ್ಕೆ ಜಾತಿ ಇಲ್ಲ ಎಂದು ನಮ್ಮನ್ನು ನಂಬಿಸಬೇಡಿ. ಪಾಸ್‌ವರ್ಡ್ ಹಿಡಿದ ಕೈಗೆ ಜಾತಿ ಉಂಟು, ವರ್ಗ ಉಂಟು.

ಗೆಳೆಯರೆ, ಕ್ಯಾಮೆರಾ ಒಡೆಯಿರೆಂದು ನಾವು ಹೇಳುತ್ತಿಲ್ಲ. ನಿಮ್ಮ ಕಾರ್ಖಾನೆ, ಹಾಸ್ಟೆಲ್, ಶಾಲೆಗಳಲ್ಲಿ ಕೇಳಿ: ಈ ದೃಶ್ಯ ಎಲ್ಲಿಗೆ ಹೋಗುತ್ತದೆ? ಎಷ್ಟು ದಿನ ಇರುತ್ತದೆ? ನಮ್ಮವರಿಗೆ ಪೆಟ್ಟು ಬಿದ್ದ ದಿನ ಅದನ್ನು ನಮಗೂ ತೋರಿಸುತ್ತೀರಾ? ಠಾಣೆಗೂ ಹೋಗಿ ಕೇಳಿ, ನಿಮ್ಮ ಕ್ಯಾಮೆರಾ ನಡೀತಾ ಉಂಟಾ ಅಂತ. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ. ಕೇಂಡ್ ಕಾಣಿ.