ಕುಸುಮಬಾಲೆಗೆ ಏಜೆಂಟ್ ಯಾರು?

'ಏಜೆಂಟ್' ಎಂಬ ಪದಕ್ಕೆ ನಮ್ಮ ಗುಂಡ್ಲುಪೇಟೆ ಸೀಮೆಯಲ್ಲಿ ಅಂಥ ಗೌರವವೇನೂ ಇಲ್ಲ. ಎಲ್ಲೈಸಿಯವನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲ ದಲ್ಲಾಳಿಗಳೇ. ಈರುಳ್ಳಿ, ಅರಿಶಿನ, ಬಾಳೆಗೊನೆ ಯಾವುದೇ ಇರಲಿ, ದರ ಹೇಳುವವನು ಬೆಳೆದವನಲ್ಲ, ಮಂಡಿಯವನು. ಕಾದಂಬರಿಗೂ ಹೀಗೇ ಏಜೆಂಟ್ ಇರುತ್ತಾನೆ, ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕೂತು ವ್ಯವಹಾರ ಕುದುರಿಸುತ್ತಾನೆ ಅಂತ ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಯಾನ ಸಾ, ಕತಗೂ ಕಮಿಷನ್ನಾ?" ಅಂದ. ಎಲ್ಲರೂ ನಕ್ಕರು. ಆದರೆ ಅವನ ಪ್ರಶ್ನೆಯನ್ನು ದಲಿತ ವಿಮರ್ಶೆ ಇನ್ನೂ ಸರಿಯಾಗಿ ಕೇಳಿಕೊಂಡಿಲ್ಲ ಎಂಬುದು ನನ್ನ ತಕರಾರು. ಕೃತಿಯೊಳಗಿನ ಜಾತಿಯನ್ನು ಹುಡುಕುವುದರಲ್ಲಿ ನಾವು ಪಳಗಿದ್ದೇವೆ. ಕೃತಿ ಊರು ದಾಟುವ ದಾರಿಯಲ್ಲಿ ಕೂತಿರುವ ಜಾತಿಯನ್ನು ನೋಡುವುದಿಲ್ಲ.

ಈ ಏಜೆಂಟನ ಕೆಲಸವೇನು ಅನ್ನುವುದನ್ನು ಮೊದಲು ತಿಳಿಯೋಣ. ಇಂಗ್ಲೆಂಡ್, ಅಮೆರಿಕದ ದೊಡ್ಡ ಪ್ರಕಾಶಕರು ಲೇಖಕ ನೇರವಾಗಿ ಕಳಿಸಿದ ಹಸ್ತಪ್ರತಿಯನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಲೇಖಕ ಏಜೆಂಟನಿಗೆ ಒಂದು ಪುಟದ ಕಾಗದ, ಒಂದೆರಡು ಪುಟದ ಕಥಾಸಾರ, ಮಾದರಿಗೆ ಮೊದಲ ಮೂರು ಅಧ್ಯಾಯ ಕಳಿಸಬೇಕು. ತನ್ನ ಪುಸ್ತಕ ಈಚಿನ ಯಾವ ಪುಸ್ತಕದ ಪಕ್ಕ ನಿಲ್ಲುತ್ತದೆ ಎಂದೂ ಹೇಳಬೇಕು. ಏಜೆಂಟ್ ಒಪ್ಪಿದರೆ ಪ್ರಕಾಶಕನನ್ನು ಹುಡುಕಿ ಕರಾರು ಮಾಡಿಸಿ, ಬಂದ ಹಣದಲ್ಲಿ ಸಾಮಾನ್ಯವಾಗಿ ನೂರಕ್ಕೆ 15 ಹಿಡಿಯುತ್ತಾನೆ. ಹೊರದೇಶದ ಮತ್ತು ಅನುವಾದದ ಹಕ್ಕುಗಳಿಗೆ ನೂರಕ್ಕೆ 20. ಓದಿ ನೋಡುವುದಕ್ಕೇ ಮುಂಗಡ ಹಣ ಕೇಳುವವನು ಏಜೆಂಟನಲ್ಲ, ಮೋಸಗಾರ. ಇದನ್ನು ನಮ್ಮ ಹುಡುಗರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಲಿ. ಇದೆಲ್ಲ ನಡೆಯುವುದು ಇಂಗ್ಲಿಷಿನಲ್ಲಿ. ಅಂದರೆ ಏಜೆಂಟನ ಬಾಗಿಲು ತಟ್ಟುವ ಮೊದಲೇ ಕನ್ನಡ ಲೇಖಕ ಅನುವಾದಕರನ್ನು ಹುಡುಕಿಕೊಂಡಿರಬೇಕು. ಇಂಗ್ಲಿಷ್ ಬಲ್ಲ ಗೆಳೆಯರು, ಮೈಸೂರು-ಬೆಂಗಳೂರಿನ ವಿಚಾರ ಸಂಕಿರಣಗಳ ಪರಿಚಯ, ಮೂರು ಅಧ್ಯಾಯ ಮಾಡಿಸುವಷ್ಟು ದುಡ್ಡು, ಇವು ಯಾವ ಕೇರಿಯಲ್ಲಿ ಎಷ್ಟಿವೆ ಅಂತ ಲೆಕ್ಕ ಹಾಕಿದರೆ ಏಜೆಂಟನಿಗಿಂತ ಮೊದಲು ನಿಂತಿರುವ ಜರಡಿ ಕಾಣುತ್ತದೆ.

ಮಧ್ಯವರ್ತಿ ಇಲ್ಲದ ಕಾಲ ಯಾವುದೂ ಇರಲಿಲ್ಲ. 1965ರ 'ಸಂಸ್ಕಾರ' 1976ರಲ್ಲಿ ಇಂಗ್ಲಿಷಿಗೆ ಹೋದದ್ದು ಷಿಕಾಗೋದಲ್ಲಿ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ ಅವರ ಕೈಯಿಂದ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಶ್ರೀನಾಥ್ ಪೆರೂರ್ ಅವರ ಅನುವಾದದಲ್ಲಿ ಮೊದಲು ಇಲ್ಲಿ ಬಂದು, 2017ರಲ್ಲಿ ಅಮೆರಿಕದ ಪೆಂಗ್ವಿನ್ನಿಗೆ ಹೋಯಿತು. 2025ರ ಮೇ 20ರಂದು ಬಾನು ಮುಷ್ತಾಕ್ ಅವರ ಕತೆಗಳ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂತು. 50,000 ಪೌಂಡನ್ನು ಲೇಖಕಿಯೂ ಅನುವಾದಕಿ ದೀಪಾ ಭಾಸ್ತಿಯವರೂ ಸಮನಾಗಿ ಹಂಚಿಕೊಂಡರು. ಪ್ರಕಾಶಕರು 'ಅಂಡ್ ಅದರ್ ಸ್ಟೋರೀಸ್' ಎಂಬ ಸಣ್ಣ ಸಂಸ್ಥೆ. ಬಂಡಾಯದ ಹೊಟ್ಟೆಯಿಂದ ಬಂದ ಹಾಸನದ ವಕೀಲೆ, ಮಡಿಕೇರಿಯ ಅನುವಾದಕಿ, ದೊಡ್ಡ ನಗರಗಳನ್ನು ನಂಬಿ ಕೂರದ ಈ ಜೋಡಿ ನಮಗೆ ಹತ್ತಿರದ ಪಾಠ. ಕನ್ನಡದ ಮಾತುಗಳನ್ನು ಓರೆ ಅಕ್ಷರವಿಲ್ಲದೆ, ಅಡಿಟಿಪ್ಪಣಿ ಇಲ್ಲದೆ ಇಂಗ್ಲಿಷಿನೊಳಗೆ ಹಾಗೇ ಕೂರಿಸಿದ್ದು ಪ್ರಶಸ್ತಿಗಿಂತ ದೊಡ್ಡ ಕೆಲಸ ಎಂದು ನನಗನ್ನಿಸುತ್ತದೆ. ಆವತ್ತಿನಿಂದ ನಮ್ಮ ಜಿಲ್ಲೆಯ ಹುಡುಗ-ಹುಡುಗಿಯರೂ ಏಜೆಂಟನ ವಿಳಾಸ ಕೇಳತೊಡಗಿದ್ದಾರೆ. ಆಸೆ ತಪ್ಪಲ್ಲ.

ಆದರೆ ದಲಿತ ಕಾದಂಬರಿಯ ಮಾತು ಬಂದಾಗ ಈ ಹಾದಿ ಬೇರೆಯೇ ಆಗುತ್ತದೆ. 'ಕುಸುಮಬಾಲೆ'ಯನ್ನೇ ತೆಗೆದುಕೊಳ್ಳಿ. ದೇವನೂರ ಮಹಾದೇವರಿಗೆ ಈ ಕೃತಿಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1990ರಲ್ಲಿ. ಸೂಸನ್ ಡೇನಿಯಲ್ ಅವರ ಇಂಗ್ಲಿಷ್ ಅನುವಾದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಿಂದ ಬಂದದ್ದು 2015ರಲ್ಲಿ. ನಡುವೆ 25 ವರ್ಷ. ತಡವಾದದ್ದಕ್ಕೆ ನುಡಿ ಕಷ್ಟ ಎಂಬ ಸಿದ್ಧ ಉತ್ತರವಿದೆ. ನಂಜನಗೂಡು-ಚಾಮರಾಜನಗರದ ಕೇರಿಯ ನುಡಿಯನ್ನು ಕಂಡು, ಇದು ಮೊದಲು ಕನ್ನಡಕ್ಕೇ ಅನುವಾದ ಆಗಬೇಕು ಅಂತ ಗೇಲಿ ಮಾಡಿದವರು ಇದ್ದರು. ಎಲ್. ಬಸವರಾಜು ಅವರಂಥ ವಿದ್ವಾಂಸರು ಅದನ್ನು ಪದ್ಯದ ಸಾಲುಗಳಾಗಿ ಒಡೆದು ಜೋಡಿಸಿ ತೋರಿಸಿದರು. ಮಂಟೇಸ್ವಾಮಿ ಪದ ಹಾಡುವ ನೀಲಗಾರರನ್ನು ರಾತ್ರಿಯೆಲ್ಲ ಕೇಳಿ ಬೆಳೆದವರಿಗೆ ಅದರ ಲಯ ಕಷ್ಟವೇನಲ್ಲ. ನಮ್ಮ ವಿದ್ಯಾರ್ಥಿಗಳು ಈ ಪುಸ್ತಕವನ್ನು ಮನಸ್ಸಿನಲ್ಲೇ ಓದಿದರೆ ತಡವರಿಸುತ್ತಾರೆ. ಬಾಯಿಬಿಟ್ಟು ಓದಿದರೆ "ಇದು ನಮ್ಮವ್ವನ ಮಾತಲ್ವಾ ಸಾ" ಅನ್ನುತ್ತಾರೆ. ಕಷ್ಟ ಯಾರಿಗೆ ಎಂಬ ಪ್ರಶ್ನೆಯನ್ನು ವಿಮರ್ಶೆ ಕೇಳಿದ್ದು ಕಡಿಮೆ.

ಈಗ ಇದನ್ನು ಏಜೆಂಟನಿಗೆ ಕಳಿಸುವ ಕಥಾಸಾರಕ್ಕೆ ಇಳಿಸಿ ನೋಡಿ. ಕೆಳಜಾತಿಯ ಚನ್ನ, ಮೇಲುಜಾತಿಯ ಕುಸುಮ, ಕೂಡಿಕೆ, ಕೊಲೆ. ಅಷ್ಟೇ ಉಳಿಯುತ್ತದೆ. ಕತ್ತಲಾದ ಮೇಲೆ ಮನೆಮನೆಯ ದೀಪದ ಜೋತಮ್ಮಗಳು ಒಂದೆಡೆ ಸೇರಿ ತಂತಮ್ಮ ಮನೆಯ ಸಂಗತಿ ಮಾತಾಡಿಕೊಳ್ಳುವುದು, ಮಂಚಕ್ಕೆ ಬಾಯಿ ಬರುವುದು, ಇವೆಲ್ಲ ಸಾರದಿಂದ ಸೋರಿಹೋಗುತ್ತವೆ. ಸೋರಿಹೋಗುವುದೇ ಕಾದಂಬರಿ! ಉಳಿಯುವುದು ಪತ್ರಿಕೆಯ ಅಪರಾಧ ವರದಿ. ಕಥಾಸಾರ ಎಂಬ ರೂಪವೇ ಒಬ್ಬ ನಾಯಕ, ಅವನಿಗೊಂದು ಬಯಕೆ, ಅದಕ್ಕೊಂದು ಅಡ್ಡಿ ಎಂಬ ಲೆಕ್ಕದ ಮೇಲೆ ನಿಂತಿದೆ. ಒಂದು ಊರು-ಕೇರಿಯನ್ನೇ ಪಾತ್ರ ಮಾಡಿಕೊಂಡ ಕೃತಿ ಆ ಲೆಕ್ಕಕ್ಕೆ ಸಿಕ್ಕುವುದಿಲ್ಲ.

ಇಂಗ್ಲಿಷಿಗೆ ಸಲೀಸಾಗಿ ದಾಟಿದ ದಲಿತ ಬರಹ ಯಾವುದು ಅಂತ ನೋಡಿದರೆ ಆತ್ಮಕಥೆಯದೇ ಸಿಂಹಪಾಲು. ಬಾಮಾ ಅವರ 1992ರ 'ಕರುಕ್ಕು' 2000ದಲ್ಲಿ ಇಂಗ್ಲಿಷಾಯಿತು. ಓಂಪ್ರಕಾಶ್ ವಾಲ್ಮೀಕಿಯವರ 'ಜೂಠನ್' 2003ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೆಸ್ಸಿನಿಂದ ಬಂತು. ಕನ್ನಡದಿಂದ ಸಿದ್ಧಲಿಂಗಯ್ಯನವರ 'ಊರುಕೇರಿ' 2003ರಲ್ಲಿ, ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 2007ರಲ್ಲಿ ಇಂಗ್ಲಿಷಾದವು. ಇವು ದೊಡ್ಡ ಪುಸ್ತಕಗಳು, ಅನುಮಾನವಿಲ್ಲ. ನನ್ನ ಜಗಳ ಓದುವ ರೀತಿಯ ಜೊತೆ. ದಲಿತ ಸಾಕ್ಷಿ ಹೇಳಬೇಕು, ಕಲ್ಪಿಸಬಾರದು ಎಂಬ ಒಂದು ಅಲಿಖಿತ ಕರಾರು ಈ ಮಾರುಕಟ್ಟೆಯಲ್ಲಿದೆ. ಕಟಕಟೆಯಲ್ಲಿ ನಿಂತವನ ಮಾತು ನಿಜವೋ ಸುಳ್ಳೋ ಅಂತ ನೋಡುತ್ತಾರೆಯೇ ಹೊರತು ಅವನ ವಾಕ್ಯದ ಚೆಲುವನ್ನು ಯಾರು ನೋಡುತ್ತಾರೆ? ಪಿ. ಶಿವಕಾಮಿಯವರು 1989ರ ತಮಿಳು ಕಾದಂಬರಿಯನ್ನು ಕೊನೆಗೆ ತಾವೇ ಇಂಗ್ಲಿಷ್ ಮಾಡಿದರು. ಅದು 2006ರಲ್ಲಿ 'ದಿ ಗ್ರಿಪ್ ಆಫ್ ಚೇಂಜ್' ಎಂದು ಬಂತು. ಎಲ್ಲರಿಗೂ ಆ ಅನುಕೂಲ ಇರುವುದಿಲ್ಲ.

ಅಸ್ಪೃಶ್ಯನೊಬ್ಬ ಇಂಗ್ಲಿಷ್ ಕಾದಂಬರಿಯ ನಾಯಕನಾಗಿ ಲಂಡನ್ ಸೇರಿದ್ದು 1935ರಲ್ಲಿ, ಮುಲ್ಕ್ ರಾಜ್ ಆನಂದರ 'ಅನ್‌ಟಚಬಲ್' ಮೂಲಕ. ಹತ್ತೊಂಬತ್ತು ಪ್ರಕಾಶಕರು ತಿರಸ್ಕರಿಸಿದ ಮೇಲೆ ಇ.ಎಂ. ಫಾರ್ಸ್ಟರ್ ಅವರ ಮುನ್ನುಡಿಯ ಬಲದಿಂದ ಅದು ಅಚ್ಚಾಯಿತು ಅನ್ನುವುದು ಸಾಹಿತ್ಯ ಚರಿತ್ರೆಯಲ್ಲಿ ಹೇಳಿ ಹೇಳಿ ಹಳಸಿದ ಮಾತು. ಬಾಖಾನ ಪರ ಆನಂದ್, ಆನಂದರ ಪರ ಫಾರ್ಸ್ಟರ್. ಬಾಖಾ ಮಾತ್ರ ಎಲ್ಲೂ ಸಹಿ ಹಾಕಲಿಲ್ಲ. ಮರುವರ್ಷವೇ, 1936ರಲ್ಲಿ, ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಬಾಬಾಸಾಹೇಬರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಬರೆದದ್ದನ್ನು ನೋಡಿ ಕೆಲವು ಭಾಗ ತೆಗೆಯಿರಿ ಅಂದಿತು. ಅವರು ಒಪ್ಪಲಿಲ್ಲ. ಸಮ್ಮೇಳನ ನಿಂತಿತು. 'ಜಾತಿ ವಿನಾಶ'ದ 1,500 ಪ್ರತಿಗಳನ್ನು ಅವರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ವೇದಿಕೆ ಕೊಡುವವನು ತಿದ್ದುಪಡಿ ಕೇಳಿದರೆ ಏನು ಮಾಡಬೇಕು ಅನ್ನುವುದಕ್ಕೆ ನಮ್ಮ ಪರಂಪರೆಯಲ್ಲಿ ಉತ್ತರ ಹೊಸದಾಗಿ ಹುಡುಕಬೇಕಿಲ್ಲ.

ಗುಂಡ್ಲುಪೇಟೆ ಕಡೆಯ ನನ್ನ ಗೆಳೆಯನೊಬ್ಬ ಕಾದಂಬರಿ ಬರೆದಿದ್ದಾನೆ. ಹೆಸರು ಬೇಡ. ಕರಿಕಲ್ಲು ಕ್ವಾರಿಯ ಕೆಲಸಗಾರರ ಮೂರು ತಲೆಮಾರು. ಹೇಳುವವಳು ಸತ್ತುಹೋದ ಅಜ್ಜಿ. ಮೂರು ಅಧ್ಯಾಯ ಇಂಗ್ಲಿಷ್ ಮಾಡಿಸಿ ಹೊರದೇಶದ ಕೆಲವು ಏಜೆಂಟರಿಗೆ ಕಳಿಸಿದ. ಬಹಳಷ್ಟು ಮಂದಿ ಉತ್ತರಿಸಲಿಲ್ಲ. ಒಬ್ಬರು ಮಾತ್ರ ಮರ್ಯಾದೆಯಿಂದ ಬರೆದರು. ಬರಹ ಶಕ್ತಿಯುತವಾಗಿದೆ, ಇದನ್ನು ನಿಮ್ಮದೇ ಜೀವನಕಥೆಯಾಗಿ ಬರೆಯಲು ಸಾಧ್ಯವೇ, ಸತ್ತ ಅಜ್ಜಿಯ ನಿರೂಪಣೆ ಓದುಗರನ್ನು ಗೊಂದಲಕ್ಕೆ ದೂಡುತ್ತದೆ, ಎಂಬುದು ಅದರ ಸಾರ. ಅವನು ಕಾಗದ ಓದಿ ಹೇಳಿದ: "ನಾನು ಕ್ವಾರಿಲಿ ಒಂದಿನಾನೂ ಕಲ್ಲು ಒಡದಿಲ್ಲ ಕನಪ್ಪ. ಓದ್ಕಂಡು ಬೆಳ್ದಂವ. ಈಗ ಅವರ್ಗ ನಾನು ಸುಳ್ಳು ಹೇಳ್ಬೇಕಾ?" ಕಾದಂಬರಿಯೆಂದು ಕಲ್ಪಿಸಿದರೆ ಬೇಡ, ನಿಜವೆಂದು ಸುಳ್ಳು ಹೇಳಿದರೆ ಬೇಕು. ಇದರ ವ್ಯಂಗ್ಯ ಆ ಏಜೆಂಟನಿಗೆ ತಿಳಿದಿರಲಾರದು.

ಊಟಿ ರಸ್ತೆಯ ಎರಡೂ ಕಡೆ ಚೆಂಡು ಹೂವಿನ ಹೊಲಗಳಿವೆ. ಕೇರಳದಿಂದ ಬಂದವರು ಕಾರು ನಿಲ್ಲಿಸಿ ಫೋಟೋ ಹೊಡೆಸಿಕೊಳ್ಳುತ್ತಾರೆ. ಆ ಹೂವಿನಲ್ಲಿ ಬಹುಪಾಲು ಮುಡಿಗೂ ಹೋಗುವುದಿಲ್ಲ, ಪೂಜೆಗೂ ಹೋಗುವುದಿಲ್ಲ. ಕಂಪನಿಯ ಕರಾರಿನ ಪ್ರಕಾರ ಬೆಳೆದು, ಒಣಗಿಸಿ, ಬಣ್ಣ ಹಿಂಡಿಕೊಳ್ಳುತ್ತಾರೆ. ಗೆಳೆಯನಿಗೆ ಬಂದ ಕಾಗದ ನೋಡಿದಾಗ ನನಗೆ ನೆನಪಾದದ್ದು ಆ ಹೊಲ. ನೋವಿನ ಬಣ್ಣ ಬೇಕು, ಹೂವು ಬೇಡ.

ಹಾಗಂತ "ನಮಗ್ಯಾಕೆ ಪರದೇಶ, ನಮ್ಮ ಜನ ಓದಿದರೆ ಸಾಕು" ಅನ್ನುವ ಹಿರಿಯರ ಮಾತನ್ನೂ ನಾನು ಒಪ್ಪಲಾರೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನಂಬಿ ಅಚ್ಚಾಗುವ ಪುಸ್ತಕ ನಮ್ಮ ಜನರನ್ನು ಎಷ್ಟು ಮುಟ್ಟಿದೆ? ಚಾಮರಾಜನಗರ ತಾಲ್ಲೂಕಿನ ಮೂಡ್ನಾಕೂಡಿನಿಂದ ಹೊರಟ ಚಿನ್ನಸ್ವಾಮಿಯವರ ಕವಿತೆಗಳು ಸ್ಪ್ಯಾನಿಷ್ ಭಾಷೆಗೂ ಹೋಗಿವೆ. ಅದರಿಂದ ಮೂಡ್ನಾಕೂಡಿಗೆ ನಷ್ಟವೇನಾಯಿತು? ಮಹಾದೇವರೇ 2022ರಲ್ಲಿ 'ಆರ್‌ಎಸ್‌ಎಸ್: ಆಳ ಮತ್ತು ಅಗಲ' ಪುಸ್ತಕವನ್ನು ಒಬ್ಬ ಪ್ರಕಾಶಕನಿಗೆ ಕಟ್ಟಿಹಾಕದೆ ಹಲವರು ಒಟ್ಟಿಗೇ ಅಚ್ಚು ಹಾಕುವಂತೆ ಬಿಟ್ಟುಕೊಟ್ಟರು. ಅದು ಊರೂರು ತಿರುಗಿತು, ಬೇರೆ ಭಾಷೆಗಳಿಗೂ ಹೋಯಿತು. ಹಕ್ಕನ್ನು ಬಿಗಿಹಿಡಿದು ಮಾರುವ ಏಜೆಂಟ್ ಪದ್ಧತಿಗೆ ಇದು ನೇರ ಎದುರು ದಾರಿ. ಆದರೆ ಚಿಕ್ಕ ರಾಜಕೀಯ ಪುಸ್ತಕಕ್ಕೆ, ಅದೂ ಮಹಾದೇವರ ಹೆಸರಿಗೆ, ಒದಗಿದ ದಾರಿ ಮುನ್ನೂರು ಪುಟದ ಮೊದಲ ಕಾದಂಬರಿ ಬರೆದವನಿಗೆ ಒದಗುತ್ತದೆಂದು ನಂಬಿಸುವುದು ಅವನಿಗೆ ಮಾಡುವ ಅನ್ಯಾಯ. ಅವನಿಗೂ ಕೂಲಿ ಸಿಗಬೇಕು. ದಲಿತ ಲೇಖಕ ದುಡ್ಡಿನ ಮಾತಾಡಿದರೆ ಚಳವಳಿಗೆ ಮೈಲಿಗೆ ಅನ್ನುವ ಮಡಿವಂತಿಕೆ ನಮ್ಮೊಳಗೂ ಇದೆ.

ಅದಕ್ಕೇ ಕರಾರಿನ ಮಾತನ್ನು ಸಾಹಿತ್ಯ ವಿಮರ್ಶೆಯಲ್ಲೇ ಆಡುತ್ತಿದ್ದೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅನುವಾದದ ಹಕ್ಕು ಪ್ರತ್ಯೇಕ ಹಕ್ಕು. ಲೇಖಕ ಬರೆದುಕೊಡದೆ ಅದು ಕನ್ನಡ ಪ್ರಕಾಶಕನದಾಗುವುದಿಲ್ಲ. 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲೇ, ಸಹಿಯೊಂದಿಗೇ ಆಗಬೇಕು. ಅವಧಿ ಹೇಳದಿದ್ದರೆ ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ ಎಂದೂ ಅರ್ಥ. 'ಸರ್ವ ಹಕ್ಕುಗಳೂ' ಎಂದು ಅಚ್ಚು ಮಾಡಿದ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಅನುವಾದಕರನ್ನು ಆರಿಸುವಾಗ ಲೇಖಕನ ಒಪ್ಪಿಗೆ ಬೇಕು, ರೂಪ ಬದಲಾಯಿಸುವಾಗಲೂ ಬೇಕು ಅಂತ ಬರೆಸಿಕೊಳ್ಳಿ. ಏಜೆಂಟ್ ಸಿಕ್ಕರೆ ಮೊದಲು ಕೇಳಬೇಕಾದ್ದು, ಇದನ್ನು ಕಾದಂಬರಿಯೆಂದೇ ಮಾರುತ್ತೀಯಾ ಅಂತ.

ಗೆಳೆಯ ಅಜ್ಜಿಯನ್ನು ತೆಗೆಯಲಿಲ್ಲ. ಕನ್ನಡದ ಪುಸ್ತಕ ಮೊದಲು ಬರಲಿ ಅಂತ ತೀರ್ಮಾನಿಸಿ ಅನುವಾದದ ಹಕ್ಕನ್ನು ತನ್ನಲ್ಲೇ ಉಳಿಸಿಕೊಂಡು ಕರಾರು ಮಾಡಿಕೊಂಡಿದ್ದಾನೆ. ಅನುವಾದಕಿಯೊಬ್ಬರು ಮೈಸೂರಿನಿಂದ ಭಾನುವಾರಗಳಂದು ಬಸ್ಸಿನಲ್ಲಿ ಬಂದು ಅವನ ತಾಯಿಯ ಹತ್ತಿರ ಕೂತು ಮಾತು ಬರೆದುಕೊಳ್ಳುತ್ತಾರೆ. ಕಳೆದ ಭಾನುವಾರ ನಾನೂ ಹೋಗಿದ್ದೆ. 'ಮೊಗ' ಎಂಬ ಒಂದು ಕರೆಯನ್ನು ಇಂಗ್ಲಿಷಿನಲ್ಲಿ ಹಾಗೇ ಬಿಡುವುದೋ ಬೇಡವೋ ಎಂಬಲ್ಲಿಗೆ ಮಧ್ಯಾಹ್ನವಾಯಿತು. ಬಿಡುವುದು ಅಂತ ಆಯಿತು.