ಕೆಸರಿಗೂ ಒಂದು ಹದ

ಮೋಟಾರ್ ಸೈಕಲ್ ಸವಾರರ ಮೇಲೆ ತೆಗೆದ ಸಿನಿಮಾವೊಂದನ್ನು ಕುರಿತು ನಾನು ಬರೆಯುತ್ತೇನೆಂದರೆ ನನ್ನನ್ನು ಬಲ್ಲವರು ನಕ್ಕಾರು. ನಾನು ಓಡಿಸಿದ್ದು ಲೂನಾ ಮಾತ್ರ. ಅದೂ ರಾಣೆಬೆನ್ನೂರಿನ ಡಾಂಬರು ರಸ್ತೆಯಲ್ಲಿ, ಮಳೆ ಇಲ್ಲದ ದಿನ ನೋಡಿಕೊಂಡು. ಆದರೂ ಅಮೆರಿಕದ ಬ್ರೂಸ್ ಬ್ರೌನ್ ತೆಗೆದ ‘ಆನ್ ಎನಿ ಸಂಡೇ’ ಎಂಬ 1971ರ ಸಾಕ್ಷ್ಯಚಿತ್ರದ ಬಗ್ಗೆ ನಾಲ್ಕು ಮಾತು ಹೇಳಲೇಬೇಕಾಗಿದೆ. ಏಕೆಂದರೆ ಅದು ನಮ್ಮ ಮನೆಯ ಜಗಳವೊಂದರಲ್ಲಿ ಸಾಕ್ಷಿಯಾಗಿ ಬಂದು ನಿಂತಿತು.

ಜಗಳ ಇಷ್ಟೆ. ಅಣ್ಣನ ಮಗಳು ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತಾಳೆ. ಸ್ವಂತ ಸಂಬಳದಲ್ಲಿ ಎತ್ತರದ ಬೈಕೊಂದನ್ನು ಕೊಂಡಿದ್ದಾಳೆ. ಭಾನುವಾರ ಬಂತೆಂದರೆ ಹತ್ತು ಹನ್ನೆರಡು ಜನರ ಗುಂಪಿನೊಡನೆ ಡಾಂಬರು ಬಿಟ್ಟು ಚಕ್ಕಡಿ ದಾರಿ, ಹಳ್ಳದ ದಾರಿ, ಗುಡ್ಡದ ಕಾಲುದಾರಿ ಹಿಡಿದು ಹೋಗುತ್ತಾಳೆ. ಇದಕ್ಕೆ ಟ್ರೇಲ್ ರೈಡ್ ಅನ್ನುತ್ತಾರಂತೆ. ಹಿಂಗಾರಿ ಮಳೆ ಹಿಡಿದು ಕೆಸರಾದಾಗಲೇ ಇದರ ಸೊಗಸು ಹೆಚ್ಚಂತೆ. ಅಣ್ಣ ಬೇಡವೆಂದ. ಅತ್ತಿಗೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ದಸರೆಗೆ ಬಂದವಳು ತನ್ನ ಕಂಪ್ಯೂಟರನ್ನು ನನ್ನ ಮುಂದಿಟ್ಟು, “ಅತ್ತೀ, ನೀವರ ಇದನ್ನ ಒಮ್ಮೆ ಪೂರ್ತಿ ನೋಡ್ರಿ. ಆಮ್ಯಾಲ ಬೇಕಾದಷ್ಟು ಬೈರಿ” ಅಂದಳು. ನೋಡಿದೆ. ಮೆಚ್ಚುವುದಕ್ಕೂ ಬೈಯುವುದಕ್ಕೂ ಸಾಕಷ್ಟು ಸಿಕ್ಕಿತು.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಚಿತ್ರದಲ್ಲಿ ಮೂವರು ಮುಖ್ಯರು. ಮರ್ಟ್ ಲಾವಿಲ್ 1969ರಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದವನು. ಮರುವರ್ಷ ಆ ಪಟ್ಟ ಉಳಿಸಿಕೊಳ್ಳಲು ಊರೂರು ಅಲೆದು, ಯಂತ್ರ ಕೈಕೊಟ್ಟು, ಕೊನೆಗೆ ಸೋಲುತ್ತಾನೆ. ಮಾಲ್ಕಂ ಸ್ಮಿತ್ ಡಾಂಬರಿಲ್ಲದ ದಾರಿಯ ನಿಪುಣ. ಎಂಥ ಕಷ್ಟದಲ್ಲೂ ಅವನ ಮುಖದ ನಗು ಮಾಸುವುದಿಲ್ಲ. ಮೂರನೆಯವನು ಹೆಸರಾಂತ ನಟ ಸ್ಟೀವ್ ಮೆಕ್‌ಕ್ವೀನ್. ಈ ಚಿತ್ರಕ್ಕೆ ಹಣ ಹೊಂದಿಸಿದವನೂ ಅವನೇ. ಗೆದ್ದವನ ಕಥೆಯನ್ನು ಯಾರು ಬೇಕಾದರೂ ಹೇಳಬಹುದು. ಬ್ರೌನ್ ಹೆಚ್ಚು ಪ್ರೀತಿಯಿಂದ ಹೇಳಿದ್ದು ಸೋತ ಲಾವಿಲ್‌ನ ಕಥೆಯನ್ನು. ರಾತ್ರಿಯೆಲ್ಲ ಗಾಡಿ ಬಿಚ್ಚಿ ಕಟ್ಟುವ ಅವನ ಕೈಗಳನ್ನು ನೋಡುವಾಗ ನನಗೆ ಗೆಲುವು ಸೋಲು ಮರೆತೇ ಹೋಯಿತು. ಈ ಚಿತ್ರ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡದ್ದು ನ್ಯಾಯವೇ.

ಇನ್ನೊಂದು ಭಾಗ ಆರು ದಿನಗಳ ಅಂತಾರಾಷ್ಟ್ರೀಯ ಸ್ಪರ್ಧೆಯದು. 1913ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಇದರಲ್ಲಿ ಕಾಡು, ಗುಡ್ಡ, ಹೊಳೆ ಎನ್ನದೆ ಆರು ದಿನ ಸವಾರಿ. ಗಾಡಿ ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು, ಬೇರೆಯವರು ಕೈ ಹಚ್ಚುವಂತಿಲ್ಲ. 1965ರಲ್ಲಿ ಮಾನ್ ದ್ವೀಪದಲ್ಲಿ ನಡೆದಾಗಿನ ಮಳೆಯನ್ನೂ ಕೆಸರನ್ನೂ ಈ ಆಟದವರು ಇನ್ನೂ ಮರೆತಿಲ್ಲ. ಬ್ರೌನ್ ತೋರಿಸುವುದು 1970ರ ಸ್ಪೇನ್ ದೇಶದ ಸ್ಪರ್ಧೆಯನ್ನು. ಆ ವರ್ಷದಿಂದ 1974ರವರೆಗೆ ಸತತ ಐದು ಸಲ ಮುಖ್ಯ ಟ್ರೋಫಿ ಚೆಕೊಸ್ಲೊವಾಕಿಯಾ ತಂಡದ ಪಾಲಾಯಿತು. ಆ ದೇಶದ ಜಾವಾ ಗಾಡಿಯನ್ನೇ ನಮ್ಮ ಮೈಸೂರಿನ ಕಾರ್ಖಾನೆ 1960ರ ದಶಕದಿಂದ ತಯಾರಿಸುತ್ತಿತ್ತು; ಮುಂದೆ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಹಾಲಿನ ಕ್ಯಾನು ಕಟ್ಟಿಕೊಂಡು, ಹಿಂದೊಬ್ಬರನ್ನು ಕೂರಿಸಿಕೊಂಡು, ಮಳೆಗಾಲದಲ್ಲಿ ಹೊಲದ ದಾರಿಯಲ್ಲೇ ಪೇಟೆಗೆ ಬರುತ್ತಿದ್ದ ಯೆಜ್ಡಿಗಳನ್ನು ನಾನು ಎಷ್ಟು ನೋಡಿಲ್ಲ! ಆ ಸವಾರಿಗೆ ಯಾರೂ ಕ್ರೀಡೆ ಎಂಬ ಹೆಸರು ಕೊಡಲಿಲ್ಲ, ಅಷ್ಟೆ.

ಆದರೆ ಚಿತ್ರ ನನಗೆ ತಿಳಿಸದ ಒಂದು ಸಂಗತಿಯನ್ನು ಹುಡುಗಿಯೇ ತಿಳಿಸಿದಳು. ಗುಂಪಿನ ಸವಾರಿಗೆ ಒಂದು ಕಟ್ಟಳೆ ಇದೆ. ದಾರಿ ಬಲ್ಲವನು ಮುಂದೆ. ಎಲ್ಲರಿಗಿಂತ ಅನುಭವಿಯಾದ ಇನ್ನೊಬ್ಬ ಕಟ್ಟಕಡೆಗೆ. ದಾರಿ ಕವಲೊಡೆದಲ್ಲಿ ಮುಂದಿನವನ ಬೆನ್ನಿಗಿರುವವರು ನಿಂತುಬಿಡಬೇಕು; ಹಿಂದೆ ಬರುವ ಪ್ರತಿಯೊಬ್ಬರಿಗೂ ತಿರುವು ತೋರಿಸಿ, ಕಡೆಯವನು ಬಂದ ಮೇಲೆಯೇ ಹೊರಡಬೇಕು. ಮುಂದಿನ ಕವಲಿನಲ್ಲಿ ಆ ಪಾಳಿ ಇನ್ನೊಬ್ಬರದು. ಯಾರೂ ಹಿಂದೆ ಉಳಿಯುವಂತಿಲ್ಲ. ಒಬ್ಬರ ಗಾಡಿ ಹೂತರೆ ಎಲ್ಲರೂ ಇಳಿಯಬೇಕು. ಇದನ್ನು ಕೇಳಿದಾಗ ಕಳೆ ತೆಗೆಯಲು ಸಾಲಾಗಿ ಹೋಗುವ ನಮ್ಮ ಹೆಣ್ಣುಮಕ್ಕಳೇ ಕಣ್ಣ ಮುಂದೆ ಬಂದರು. ಅವರೂ ಹೀಗೆಯೇ, ಮುಂದೊಬ್ಬಳು ಹಳ್ಳದ ಆಳ ನೋಡುತ್ತಾಳೆ, ಹಿಂದೊಬ್ಬಳು ಎಣಿಸಿಕೊಂಡು ಬರುತ್ತಾಳೆ.

ಬೀಳುವುದನ್ನೂ ಅಲ್ಲಿ ಕಲಿಸುತ್ತಾರಂತೆ. ಹೆಣ್ಣುಮಕ್ಕಳಿಗೆ ನಾವು ಹುಟ್ಟಿದಾಗಿನಿಂದ ಹೇಳಿಕೊಡುವುದು ಬೀಳಬೇಡ, ಜಾರಬೇಡ, ಬಟ್ಟೆಗೆ ಕೆಸರು ಮಾಡಿಕೊಳ್ಳಬೇಡ ಎಂದು. ಇಲ್ಲಿ ಮೊದಲ ಪಾಠವೇ ಬಿದ್ದ ಗಾಡಿಯನ್ನು ಎತ್ತುವುದು. ಒಂದೂವರೆ ಕ್ವಿಂಟಲ್ ತೂಗುವ ಗಾಡಿಗೆ ಬೆನ್ನು ಕೊಟ್ಟು ನಿಂತು, ಸೊಂಟದ ಬಲದಿಂದಲ್ಲ, ಕಾಲಿನ ಬಲದಿಂದ ಹಿಂದಕ್ಕೆ ಒತ್ತುತ್ತ ಎತ್ತಬೇಕು. ಐವತ್ತೆರಡು ಕಿಲೋ ಇರುವ ಹುಡುಗಿ ಅಂಗಳದಲ್ಲಿ ತನ್ನ ಬೈಕನ್ನು ಮಲಗಿಸಿ ಎತ್ತಿ ತೋರಿಸಿದಳು. ಅಣ್ಣ ಕಿಟಕಿಯಿಂದ ನೋಡಿದ. ಏನೂ ಅನ್ನಲಿಲ್ಲ.

ಅಪಾಯವಿಲ್ಲವೆ? ಇದೆ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನಿನ ಸ್ಪರ್ಧೆಯೊಂದರಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟು ಮಾಡಿಕೊಂಡವರು. ಮರುವರ್ಷವೇ ಅವರು ಅದೇ ಬಗೆಯ ಸ್ಪರ್ಧೆಗಳಲ್ಲಿ ಮಹಿಳೆಯರ ವಿಶ್ವಕಪ್ ಗೆದ್ದರು. ಮೋಟಾರು ಕ್ರೀಡೆಯಲ್ಲಿ ಭಾರತಕ್ಕೆ ಬಂದ ಮೊದಲ ವಿಶ್ವ ಪ್ರಶಸ್ತಿ ಅದು. ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ. 2021ರಲ್ಲಿ ಅದೇ ರ‍್ಯಾಲಿಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದರು, ಚೇತರಿಸಿಕೊಂಡರು. ತಾಯಂದಿರ ಹೆದರಿಕೆ ಸುಳ್ಳಲ್ಲ. ಆದರೆ ದೀಪಾವಳಿ ಮುಗಿಯುತ್ತಲೂ ನಮ್ಮ ಹಾವೇರಿ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತದಲ್ಲ? ಕೊಬ್ಬರಿ ಸರ ಹರಿಯಲು ಹುಡುಗರು ಹೋರಿಯ ಕೊರಳಿಗೆ ಜೋತುಬೀಳುವುದನ್ನು ನಾವೇ ಮಾಳಿಗೆಯ ಮೇಲೆ ನಿಂತು ಕೇಕೆ ಹಾಕಿ ನೋಡುತ್ತೇವೆ. ಅಲ್ಲಿಯ ಬಹುಮಾನವೂ ಎಷ್ಟೋ ಸಲ ಬೈಕೇ! ಗಂಡುಹುಡುಗನ ಅಪಾಯ ಹಬ್ಬ, ಹೆಣ್ಣುಹುಡುಗಿಯದು ಉದ್ಧಟತನ ಎಂದರೆ ಅದು ಕಾಳಜಿಯ ಮಾತಲ್ಲ. ಈ ಮಾತನ್ನು ಅಣ್ಣನಿಗೂ ಹೇಳಿದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಇದು ಬರೀ ಹೊಗಳಿಕೆಯಾಗುತ್ತಿತ್ತು. ದಸರೆ ಮುಗಿದು, ದೇವರಗುಡ್ಡದ ಕಾರ್ಣಿಕದ ಅರ್ಥವೇನೆಂದು ಊರವರು ಇನ್ನೂ ಚರ್ಚಿಸುತ್ತಿದ್ದಾಗ, ಚಿತ್ತಿ ಮಳೆಯ ಒಂದು ಭಾನುವಾರ ಅವಳ ಗುಂಪು ನಮ್ಮ ಸೀಮೆಗೇ ಬಂತು. ಅಣ್ಣನ ಹೊಲದ ದಂಡೆಯಲ್ಲಿ ನಾನು ನಿಂತಿದ್ದೆ. ಗುಡ್ಡದ ಕಡೆಯ ಕೆಂಪು ಗರಸಿನ ದಾರಿಯಲ್ಲಿ ಹನ್ನೊಂದು ಗಾಡಿಗಳು ಒಂದರ ಹಿಂದೊಂದು ಚೆಂದವಾಗಿಯೇ ಇಳಿದು ಬಂದವು. ಸವಾರರೆಲ್ಲ ಸೀಟು ಬಿಟ್ಟು ಕಾಲಮೆಟ್ಟಿನ ಮೇಲೆ ನೆಟ್ಟಗೆ ನಿಂತಿದ್ದರು. ಹಳ್ಳ ದಾಟಿದ ಮೇಲೆ ಎರಿ ಭೂಮಿ. ಅಲ್ಲಿ ಆಟ ಮುಗಿಯಿತು. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗದಂತೆ ಮಾಡುತ್ತದೆ. ನಮ್ಮ ಹುಡುಗಿ ಮೂರನೆಯವಳಾಗಿ ಬಿದ್ದಳು. ನಾಲ್ವರು ಓಡಿಬಂದರು, ಕಟ್ಟಿಗೆಯಿಂದ ಮಣ್ಣು ಕೆತ್ತಿದರು. ಮೊಣಕಾಲಿನವರೆಗೆ ಕೆಸರಾದ ಅವಳು ನಕ್ಕ ನಗುವನ್ನು ಮದುವೆಮನೆಯಲ್ಲೂ ನಾನು ಕಂಡಿಲ್ಲ.

ಆದರೆ ಅದೇ ಹೊತ್ತಿಗೆ ಇಬ್ಬರು ಹೂತ ದಾರಿಯನ್ನು ತಪ್ಪಿಸಿಕೊಳ್ಳಲು ಬದು ಹಾರಿಸಿ ಪಕ್ಕದ ಹೊಲಕ್ಕೆ ನುಗ್ಗಿದರು. ಅದು ನಾಲ್ಕು ದಿನದ ಹಿಂದೆ ಜೋಳ ಬಿತ್ತಿದ ಹೊಲ. ಆಚೆಯ ಹೊಲದಲ್ಲಿ ಹತ್ತಿ ಬೀಜದ ಕ್ರಾಸಿಂಗ್ ಕೆಲಸಕ್ಕೆ ಬಂದ ಹೆಂಗಸರು ಮಳೆಗೆ ಕೆಲಸ ನಿಲ್ಲಿಸಿ ಗಿಡದ ಕೆಳಗೆ ಕೂತಿದ್ದರು. ನಮ್ಮ ತಾಲ್ಲೂಕಿನ ಹೈಬ್ರಿಡ್ ಬೀಜದ ವ್ಯಾಪಾರವೆಲ್ಲ ನಿಂತಿರುವುದು ಇವರ ಬೆರಳುಗಳ ಮೇಲೆ. ಸಂಜೆ ಮೊಗ್ಗು ಸುಲಿಯಬೇಕು, ಬೆಳಿಗ್ಗೆ ಪರಾಗ ಮುಟ್ಟಿಸಬೇಕು; ಮಳೆ ಬಂದರೆ ಪರಾಗ ಕೆಡುತ್ತದೆ, ಕೆಲಸವೂ ಕೆಡುತ್ತದೆ. ಒಂದೇ ಮಳೆ ಕೆಲವರಿಗೆ ಆಟ, ಕೆಲವರಿಗೆ ಖೋತಾ. ಗುಂಪಿನ ಮುಂದಾಳು ಒಳ್ಳೆಯವನೇ. ತಪ್ಪಾಯಿತೆಂದು ಪಾಕೀಟು ತೆಗೆದ. ಆ ಹೊಲದ ಮುದುಕಿ ಅಂದಳು: “ರೊಕ್ಕ ಇಟಗೋ ತಮ್ಮಾ. ಹಸಿ ಎರ್‍ಯಾಗ ತುಳದ ನೆಲಕ್ಕ ಮತ್ತ ಹದ ಬರಬೇಕಂದ್ರ ರೊಕ್ಕದ್ಲೆ ಬರೂದಿಲ್ಲ.”

ಬ್ರೌನನ ಚಿತ್ರವನ್ನು ಅಳೆಯಲು ನನಗೆ ಬೇಕಾಗಿದ್ದ ಅಳತೆಗೋಲು ಈ ಮುದುಕಿಯ ಮಾತಿನಲ್ಲಿ ಸಿಕ್ಕಿತು. ಹದ! ರೊಟ್ಟಿಯ ಹಿಟ್ಟಿಗೆ, ಹೋಳಿಗೆಯ ಕಣಕಕ್ಕೆ, ಬೆಲ್ಲದ ಪಾಕಕ್ಕೆ ಇರುವ ಹಾಗೆ ನೆಲಕ್ಕೂ ಒಂದು ಹದವಿದೆ. ಹಸಿ ಎರಿಯಲ್ಲಿ ರೈತ ಎತ್ತನ್ನೂ ಇಳಿಸುವುದಿಲ್ಲ. ತುಳಿದರೆ ಮಣ್ಣು ಬಿಗಿದು ಬೇರಿಗೆ ಗಾಳಿ ಸಿಗುವುದಿಲ್ಲವೆಂದು ಬಲ್ಲ. ಈ ಕ್ರೀಡೆಯಾದರೋ ನೆಲ ಅತ್ಯಂತ ಮೆತ್ತಗಿರುವ ಹೊತ್ತನ್ನೇ ಹುಡುಕಿಕೊಂಡು ಬರುತ್ತದೆ.

ಬ್ರೌನ್ ತನ್ನ ಚಿತ್ರವನ್ನು ಮುಗಿಸುವುದು ಕಡಲತೀರದಲ್ಲಿ. ಮೂವರು ಗೆಳೆಯರು ಸಂಜೆಯ ಬೆಳಕಿನಲ್ಲಿ ಮರಳ ಮೇಲೆ ಮಕ್ಕಳಂತೆ ಗಾಡಿ ಓಡಿಸುತ್ತಾರೆ. ನೋಡಲು ಬಹಳ ಸುಂದರ. ಆದರೆ ಆ ಸೌಂದರ್ಯದಲ್ಲೊಂದು ಸುಲಭದ ದಾರಿಯಿದೆ. ಕಡಲತೀರದ ಗಾಲಿಗುರುತನ್ನು ಮುಂದಿನ ಅಲೆ ಅಳಿಸುತ್ತದೆ. ಎರಿ ಹೊಲದ ಗುರುತು ಬಿಸಿಲಿಗೆ ಕಲ್ಲಾಗಿ ಮುಂದಿನ ಮಳೆಗಾಲದವರೆಗೆ ಉಳಿಯುತ್ತದೆ. ಈ ಸವಾರರು ದಾಟಿಹೋಗುವ ಮರುಭೂಮಿಯಲ್ಲಿ ಏನು ಬೆಳೆಯುತ್ತದೆ, ಯಾವ ಜೀವ ಬದುಕುತ್ತದೆ ಎಂದು ಇಡೀ ಚಿತ್ರ ನಿಂತು ಕೇಳುವುದಿಲ್ಲ. ಚಿತ್ರ ಬಂದ ಮರುವರ್ಷ, 1972ರಲ್ಲಿ, ಸರಕಾರಿ ಭೂಮಿಯಲ್ಲಿ ಇಂಥ ವಾಹನಗಳ ಓಡಾಟಕ್ಕೆ ಕಟ್ಟುಪಾಡು ಹಾಕಬೇಕೆಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಆದೇಶ ಹೊರಡಿಸಬೇಕಾಯಿತು.

ಅದೇ 1972ರಲ್ಲಿ ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವಾಯಿತು. 119 ಚದರ ಕಿಲೋಮೀಟರಿನ ಆ ಬಯಲೂ ಕುರುಚಲೂ ಪೇಟೆಯವರ ಕಣ್ಣಿಗೆ ಖಾಲಿ ಜಾಗ. ಆದರೆ ಕೃಷ್ಣಮೃಗದ ತಾಯಿ ತನ್ನ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತಾಳೆ. ಮರಿ ಅಲುಗಾಡದೆ ಮಲಗಿರುತ್ತದೆ. ಗಾಡಿಯ ಸದ್ದು ಬಂದರೂ ಅದು ಓಡುವುದಿಲ್ಲ, ಇನ್ನಷ್ಟು ನೆಲಕ್ಕಂಟುತ್ತದೆ. ಒಂದು ಕಾಲಕ್ಕೆ ಈ ಬಯಲಿನಲ್ಲಿದ್ದ ಎರ್ಲಡ್ಡು ಹಕ್ಕಿ ಕೂಡ ಬರಿ ನೆಲದ ಮೇಲೆ ಮೊಟ್ಟೆಯಿಡುವಂಥದು. ಅಪ್ಪಣೆಯಿಲ್ಲದೆ ಅಭಯಾರಣ್ಯದೊಳಗೆ ಗಾಡಿ ತರುವುದು ಕಾನೂನಿಗೆ ವಿರುದ್ಧ. ಆದರೆ ಕಾನೂನಿನ ಗೆರೆ ಹೊಲದ ಬದುವಿನವರೆಗೆ ಬರುವುದಿಲ್ಲ. ಅಲ್ಲಿ ಸವಾರನಿಗೇ ಬುದ್ಧಿ ಇರಬೇಕು.

ಹಾಗಾದರೆ ಈ ಆಟ ಬೇಡವೆ? ನಾನು ಹಾಗನ್ನಲಾರೆ. ಯಾರೂ ಹಿಂದೆ ಉಳಿಯಬಾರದೆಂಬ ಅದರ ಕಟ್ಟಳೆ ದೊಡ್ಡದು. ಅದರ ಕೊರತೆ ಎಂದರೆ ಆ ಕಟ್ಟಳೆ ಗುಂಪಿನೊಳಗೇ ನಿಂತುಬಿಡುತ್ತದೆ; ಗಿಡದ ಕೆಳಗೆ ಕೂತ ಕ್ರಾಸಿಂಗ್ ಹೆಂಗಸರವರೆಗೆ, ಬಿತ್ತಿದ ಜೋಳದವರೆಗೆ ಬರುವುದಿಲ್ಲ. ಬ್ರೌನನ ಚಿತ್ರದ ಕೊರತೆಯೂ ಇದೇ. ಗೆಳೆತನವನ್ನು ಅಷ್ಟು ಚೆನ್ನಾಗಿ ಬಲ್ಲ ಕ್ಯಾಮೆರಾ ಗಾಲಿಯ ಕೆಳಗಿನ ನೆಲವನ್ನು ನೋಡಲಿಲ್ಲ.

ಮನೆಯಲ್ಲಿ ಮಾತುಕತೆ ಹೀಗೆ ಮುಗಿಯಿತು. ಅಣ್ಣ ಹೂಂ ಅಂದ, ಎರಡು ಷರತ್ತಿನ ಮೇಲೆ: ಮಳೆಗಾಲದಲ್ಲಿ ಗರಸಿನ ದಾರಿ ಬಿಟ್ಟು ಎರಿಗೆ ಇಳಿಯಬಾರದು, ಹೊಲದವರನ್ನು ಕೇಳದೆ ಬದು ದಾಟಬಾರದು. ಬೀಳಬಾರದೆಂಬ ಷರತ್ತನ್ನು ಮಾತ್ರ ಅವನು ಹಾಕಲಿಲ್ಲ. ಹೆಣ್ಣುಮಕ್ಕಳ ತಾಯಂದಿರಾದ ನನ್ನ ಓದುಗ ಗೆಳತಿಯರು ಈ ಚಿತ್ರವನ್ನು ಒಮ್ಮೆ ನೋಡಬೇಕೆಂದೇ ನನ್ನ ಆಸೆ. ನೋಡಿ, ಮಗಳನ್ನು ತಡೆಯುವ ಮೊದಲು ಯಾವುದಕ್ಕಾಗಿ ತಡೆಯುತ್ತಿದ್ದೇವೆ ಎಂದು ಕೇಳಿಕೊಳ್ಳಿ. ಮೈಗೆ ಕೆಸರಾಗುತ್ತದೆಂದು ತಡೆಯುವುದಾದರೆ ತಡೆಯಬೇಡಿ. ಅದು ತೊಳೆದರೆ ಹೋಗುತ್ತದೆ.